ಹಬ್ಬಕ್ಕೆ ಊರಿಗೆ ಹೋಗಿ, ಕೆಲಸ ಸಿಗದಿದ್ದರೂ

2023ರ ದೀಪಾವಳಿಗೆ ನಾನು ಊರಿಗೆ ಹೋಗಲಿಲ್ಲ. ‘ಟೆಸ್ಟ್ ಸೀರೀಸ್ ಇದೆ, ಬಿಡುವಿಲ್ಲ’ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ಅದು ಸುಳ್ಳು. ಹಬ್ಬದ ಮೂರೂ ದಿನ ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿ ಒಬ್ಬಳೇ ಇದ್ದೆ. ಅಡುಗೆಯವರೂ ರಜೆ ಹಾಕಿದ್ದರಿಂದ ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡು, ಪುಸ್ತಕ ತೆರೆದಿಟ್ಟುಕೊಂಡು ಮೊಬೈಲ್ ನೋಡುತ್ತಾ ಕಳೆದೆ. ಊರಿಗೆ ಹೋಗದಿರಲು ಕಾರಣ ಒಂದೇ. ಹೋದರೆ ನೆಂಟರು ‘ಕೆಲ್ಸ ಆಯ್ತನೇ?’ ಎಂದು ಕೇಳುತ್ತಾರೆ. ಆ ಎರಡು ಪದಗಳಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪದವಿ ಮುಗಿದ ಮೊದಲ ವರ್ಷ ಹಬ್ಬಕ್ಕೆ ಖುಷಿಯಿಂದ ಹೋಗುತ್ತೇವೆ. ಎರಡನೇ ವರ್ಷ ಒಂದೇ ದಿನಕ್ಕೆ ಹೋಗಿ ಬರುತ್ತೇವೆ. ಮೂರನೇ ವರ್ಷ ಒಂದು ನೆಪ ಹುಡುಕುತ್ತೇವೆ. ನಾನು ಮೂರನೇ ವರ್ಷಕ್ಕೆ ಬಂದಿದ್ದೆ.

2024ರಲ್ಲಿ ನೆಪ ಹೇಳಲು ಆಗಲಿಲ್ಲ. ಆ ವರ್ಷ ಕ್ಯಾಲೆಂಡರೇ ನಮ್ಮ ಮೇಲೆ ದಯೆ ತೋರಿತ್ತು. ಅಕ್ಟೋಬರ್ 31, ಗುರುವಾರ ನರಕ ಚತುರ್ದಶಿ. ಶುಕ್ರವಾರ ಕನ್ನಡ ರಾಜ್ಯೋತ್ಸವ. ಶನಿವಾರ ಬಲಿಪಾಡ್ಯಮಿ. ಆಮೇಲೆ ಭಾನುವಾರ. ಒಟ್ಟು ನಾಲ್ಕು ದಿನ ಸಾಲು ರಜೆ. ಅದರ ಹಿಂದಿನ ಭಾನುವಾರವಷ್ಟೇ ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆ ಬರೆದು ಮುಗಿಸಿದ್ದೆ. ಒಂದು ಸಾವಿರ ಹುದ್ದೆ, ಅದಕ್ಕೆ ಲಕ್ಷಗಟ್ಟಲೆ ಅರ್ಜಿ. ಡಿಸೆಂಬರ್‌ನಲ್ಲಿ ಪಿಡಿಒ ಪರೀಕ್ಷೆ ಇತ್ತು. ‘ಓದಬೇಕು’ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಜ್ಜಿಗೆ ಎಂಬತ್ತನಾಲ್ಕಾಯ್ತು ಪುಟ್ಟಿ’ ಎಂದಳು. ಅಷ್ಟೇ. ಬ್ಯಾಗು ತುಂಬಿಕೊಂಡೆ.

ನಮ್ಮ ಊರು ಸಾಗರದ ಹತ್ತಿರ. ತಾಳಗುಪ್ಪ ರೈಲಿನ ಟಿಕೆಟ್ ಯಾವಾಗಲೋ ಖಾಲಿಯಾಗಿತ್ತು. ಖಾಸಗಿ ಬಸ್ಸಿನ ದರ ನೋಡಿದರೆ ನನ್ನ ಪಿಜಿಯ ಹತ್ತು ದಿನದ ಖರ್ಚು. ಬುಧವಾರ ರಾತ್ರಿ ಮೆಜೆಸ್ಟಿಕ್‌ಗೆ ಹೋಗಿ ಹೆಚ್ಚುವರಿ ಬಸ್ಸಿಗಾಗಿ ಎರಡು ಗಂಟೆ ನಿಂತೆ. ಅಲ್ಲಿ ಬೆಂಗಳೂರೆಲ್ಲ ಗಂಟುಮೂಟೆ ಕಟ್ಟಿಕೊಂಡು ನಿಂತಂತಿತ್ತು. ಕೈಯಲ್ಲಿ ಪಟಾಕಿ ಡಬ್ಬ, ಸ್ವೀಟ್ ಬಾಕ್ಸ್, ಹೆಗಲ ಮೇಲೆ ನಿದ್ದೆಹೋದ ಮಗು. ಕೊನೆಗೆ ಶಿವಮೊಗ್ಗದ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಗೊರಗುಂಟೆಪಾಳ್ಯದಿಂದ ನೆಲಮಂಗಲ ದಾಟುವಷ್ಟರಲ್ಲಿ ಮಧ್ಯರಾತ್ರಿ. ಪಕ್ಕದಲ್ಲಿ ಕೂತಿದ್ದ ಹುಡುಗ ಅರಸೀಕೆರೆಯವನು. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸವಂತೆ. ‘ನೀವೇನು ಮಾಡ್ತಿದೀರಾ?’ ಎಂದು ಕೇಳಿದ. ‘ಓದ್ತಾ ಇದೀನಿ’ ಎಂದೆ. ‘ಯಾವ ವರ್ಷ?’ ಎಂದ. ನಾನು ನಿದ್ದೆ ಬಂದವಳಂತೆ ಕಿಟಕಿಗೆ ತಲೆಯಾನಿಸಿದೆ.

ಬೆಳಿಗ್ಗೆ ಮನೆ ತಲುಪಿದಾಗ ನೀರು ತುಂಬುವ ಹಬ್ಬ ಹಿಂದಿನ ಸಂಜೆಯೇ ಮುಗಿದಿತ್ತು. ಬಚ್ಚಲಿನ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು ಹಿಂಡಲೆಕಾಯಿ ಬಳ್ಳಿ ಸುತ್ತಿದ್ದರು. ಒಲೆಗೆ ಬೆಂಕಿ ಹಾಕಿ ಅಮ್ಮ ಕಾಯುತ್ತಿದ್ದಳು. ಅಜ್ಜಿ ನನ್ನನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ ಒತ್ತಿದಳು. ಅವಳ ಬೆರಳುಗಳಲ್ಲಿ ಮೊದಲಿನ ಶಕ್ತಿ ಇರಲಿಲ್ಲ. ‘ಕೂದ್ಲೆಲ್ಲ ಉದ್ರಿದ್ಯಲೆ. ಬೆಂಗ್ಳೂರು ನೀರು ಆಗ್ತಿಲ್ಲ ಕಾಣ್ತು’ ಎಂದಳು. ಕೆಲಸದ ಬಗ್ಗೆ ಕೇಳಲಿಲ್ಲ. ಕೇಳುತ್ತಾಳೆಂದು ನಾನು ಬೆನ್ನು ಬಿಗಿ ಹಿಡಿದು ಕೂತಿದ್ದೆ ಎಂಬುದು ಅವಳಿಗೆ ಗೊತ್ತಾಗಿರಬೇಕು. ಬೆನ್ನಿಗೂ ಒಂದು ಸೌಟು ಎಣ್ಣೆ ಸುರಿದಳು.

ಸ್ನಾನ ಮುಗಿಸಿ ಕೊಟ್ಟಿಗೆಗೆ ಹೋದೆ. ಮುದಿ ಹಸು ಗಂಗೆ ಮಾತ್ರ ಇತ್ತು. ಬೆಳ್ಳಿ ಇರಲಿಲ್ಲ. ಬೆಳ್ಳಿ ನಾನು ಪಿಯುಸಿಯಲ್ಲಿದ್ದಾಗ ಹುಟ್ಟಿದ ಕರು. ತಾಯಿ ಹಾಲು ಕೊಡದೆ ಒದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು ನಾನು. ‘ದೊಡ್ಡಮ್ಮನ ಮನೆಲಿ ಹಾಲು ಸಾಲ್ತಿಲ್ಲ ಅಂದ್ರು, ಎರಡು ತಿಂಗಳಿಗೆ ಅಂತ ಕಳ್ಸಿದ್ದು’ ಎಂದಳು ಅಮ್ಮ. ನಂಬಿದೆ.

ಗುರುವಾರ ಪೂರ್ತಿ ಮನೆಯಲ್ಲಿ ಸಂತೆ. ಅತ್ತೆಯ ಮಕ್ಕಳು, ದೊಡ್ಡಪ್ಪನ ಮಕ್ಕಳು, ಅವರ ಮಕ್ಕಳು. ಮಧ್ಯಾಹ್ನದ ಹೊತ್ತಿಗೆ ತುಮರಿಯ ಚಿಕ್ಕಮ್ಮ ಬಂದಳು. ಆಗ ಶರಾವತಿ ಹಿನ್ನೀರಿನ ಸೇತುವೆ ಇನ್ನೂ ಮುಗಿದಿರಲಿಲ್ಲ. ರಜೆಗೆಂದು ಸಿಗಂದೂರಿಗೆ ಬಂದ ಪ್ರವಾಸಿಗರ ಕಾರುಗಳ ಮಧ್ಯೆ ಲಾಂಚಿಗೆ ಕಾದೂ ಕಾದೂ ಅವಳಿಗೆ ಸಾಕಾಗಿತ್ತು. ‘ನಮ್ಮೂರ ಲಾಂಚಿನಲ್ಲಿ ನಮಗೇ ಜಾಗ ಇಲ್ಲ ಮಾರಾಯ್ತಿ’ ಎನ್ನುತ್ತಲೇ ಒಳಗೆ ಬಂದು ಕಡುಬಿಗೆ ಸಿಹಿಗುಂಬಳ ತುರಿಯಲು ಕೂತಳು. ಹೆಂಗಸರೆಲ್ಲ ಅಡುಗೆಮನೆಯಲ್ಲಿ, ಗಂಡಸರು ಜಗುಲಿಯಲ್ಲಿ, ಮಕ್ಕಳು ಅಂಗಳದಲ್ಲಿ. ಬೂರೆ ರಾತ್ರಿ ಪಕ್ಕದ ತೋಟದ ಎಳನೀರು ಕದ್ದು, ಮರುದಿನ ಆ ತೋಟದ ಯಜಮಾನರ ಮನೆಗೇ ಹೋಗಿ ಹೋಳಿಗೆ ತಿಂದು ಬಂದ ನಮ್ಮ ಬಾಲ್ಯದ ಕಥೆ ಮತ್ತೊಮ್ಮೆ ನಡೆಯಿತು. ಅದನ್ನು ಪ್ರತಿ ವರ್ಷ ಹೇಳುತ್ತೇವೆ. ಪ್ರತಿ ವರ್ಷ ಕದ್ದ ಎಳನೀರಿನ ಸಂಖ್ಯೆ ಹೆಚ್ಚಾಗುತ್ತದೆ.

ಆ ಪ್ರಶ್ನೆಯೂ ಬಂತು. ಬಾರದೆ ಇರುತ್ತದೆಯೇ? ದೂರದ ಮಾವನೊಬ್ಬರು ಊಟದ ಪಂಕ್ತಿಯಲ್ಲಿ, ಎಲ್ಲರಿಗೂ ಕೇಳುವಂತೆ, ‘ಎಂತ ಆಯ್ತೇ ನಿಂದು? ಇನ್ನೂ ಓದದೇಯ? ನಮ್ಮ ಮಗ ಸೇರಿ ಎರಡು ವರ್ಷ ಆಯ್ತು’ ಎಂದರು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅಪ್ಪ ತಲೆ ತಗ್ಗಿಸಿ ಸಾರಿಗೆ ಅನ್ನ ಕಲಸುತ್ತಿದ್ದ. ನಾನು ‘ಡಿಸೆಂಬರ್‌ನಲ್ಲಿ ಇನ್ನೊಂದು ಇದೆ ಮಾವ’ ಎಂದೆ. ಅಷ್ಟಕ್ಕೆ ಮುಗಿಯಿತು. ಒಂದು ವರ್ಷ ಊರಿನಿಂದ ನನ್ನನ್ನು ದೂರ ಇಟ್ಟಿದ್ದ ಪ್ರಶ್ನೆ ಅರ್ಧ ನಿಮಿಷವೂ ಬದುಕಲಿಲ್ಲ. ಮಾವ ಆಗಲೇ ಅಡಿಕೆ ಧಾರಣೆಯ ಮಾತಿಗೆ ಹೋಗಿದ್ದರು.

ಸಂಜೆ ಪಾತ್ರೆ ತೊಳೆಯುವಾಗ ಚಿಕ್ಕಮ್ಮ ಮೆಲ್ಲಗೆ ಕೇಳಿದಳು, ‘ಓದಕ್ಕೆ ಎಂತಾದ್ರೂ ಬೇಕಾ? ಪುಸ್ತಕ, ಫೀಸು? ಹೇಳು, ನಾಚ್ಕೋಬೇಡ.’ ಅವಳೂ ನನ್ನ ಓದಿನ ಬಗ್ಗೆಯೇ ಕೇಳಿದ್ದು. ಆದರೆ ಅವಳ ಮಾತಿಗೆ ಕಣ್ಣಲ್ಲಿ ನೀರು ಬಂತು.

ಶುಕ್ರವಾರ ಬೆಳಿಗ್ಗೆ ಸಾಗರಕ್ಕೆ ಹೋದೆ. ಪೇಟೆಯಲ್ಲಿ ರಾಜ್ಯೋತ್ಸವದ ಹಳದಿ ಕೆಂಪು ಬಾವುಟ, ಹೂವಿನ ಅಂಗಡಿಗಳಲ್ಲಿ ಚೆಂಡುಹೂವಿನ ರಾಶಿ, ಜೋಗಕ್ಕೆ ಹೋಗುವ ಕಾರುಗಳ ಸಾಲು. ಡಿಗ್ರಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ನಾವು ನಾಲ್ವರು ಗಣಪತಿ ಕೆರೆಯ ದಂಡೆಯಲ್ಲಿ ಸೇರಿದೆವು. ಒಬ್ಬಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ, ಒಬ್ಬಳು ಅತಿಥಿ ಉಪನ್ಯಾಸಕಿ, ಒಬ್ಬನು ಅಪ್ಪನ ತೋಟ ನೋಡಿಕೊಂಡಿದ್ದಾನೆ, ಮತ್ತೆ ನಾನು. ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಿ ಉಳಿದ ಮೂವರೂ ದಡ ಸೇರಿದ್ದಾರೆ ಎಂದುಕೊಂಡಿದ್ದೆ. ಬಸ್ ಪಾಸ್ ಕಳೆದುಕೊಂಡು ಕಂಡಕ್ಟರ್‌ನಿಂದ ಬೈಸಿಕೊಂಡಿದ್ದು, ಒಂದೇ ಪ್ಲೇಟು ಮಸಾಲೆ ದೋಸೆಯನ್ನು ನಾಲ್ವರು ಹಂಚಿಕೊಂಡಿದ್ದು ಎಲ್ಲ ನೆನಪಾಗಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ನಗು ನಿಂತ ಮೇಲೆ ಸಾಫ್ಟ್‌ವೇರ್‌ನವಳು, ‘ನನ್ನನ್ನ ಕೆಲಸದಿಂದ ತೆಗೆದು ಮೂರು ತಿಂಗಳಾಯ್ತು, ಮನೆಯಲ್ಲಿ ಹೇಳಿಲ್ಲ’ ಎಂದಳು. ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ವರ್ಕ್ ಫ್ರಂ ಹೋಮ್ ಎಂದು ಬಾಗಿಲು ಹಾಕಿಕೊಳ್ಳುತ್ತಾಳಂತೆ. ಅತಿಥಿ ಉಪನ್ಯಾಸಕಿಗೆ ಎರಡು ತಿಂಗಳಿಂದ ಸಂಬಳ ಬಂದಿರಲಿಲ್ಲ. ತೋಟದವನಿಗೆ ಎಲೆಚುಕ್ಕಿ ರೋಗದ ಚಿಂತೆ. ಸೋಗೆಯ ಮೇಲೆ ಮೊದಲು ಸಣ್ಣ ಚುಕ್ಕಿ ಕಾಣುತ್ತದೆ, ಮಳೆ ಹಿಡಿದರೆ ಹರಡುತ್ತದೆ, ಆಮೇಲೆ ಸೋಗೆಯೇ ಒಣಗಿ ಫಸಲು ಇಳಿಯುತ್ತದೆ ಎಂದು ಹೇಳಿದ. ಆ ವರ್ಷದ ಮಳೆ ಮಲೆನಾಡನ್ನು ಬಿಡದೆ ಹೊಡೆದಿತ್ತು. ಕೊಳೆಗೆ ಮೈಲುತುತ್ತ, ಸುಣ್ಣದ ಬೋರ್ಡೋ ಹೊಡೆಸಲು ಮರ ಹತ್ತುವ ಕೊನೆಗಾರರು ಸಿಗದೆ ಪರದಾಡಿದ್ದನಂತೆ. ‘ನಿಮ್ಮಪ್ಪನ ತೋಟಕ್ಕೂ ಬಿದ್ದಿದೆ, ಗೊತ್ತಲ್ಲ?’ ಎಂದ. ನನಗೆ ಗೊತ್ತಿರಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಅಪ್ಪ ಹೇಳುತ್ತಿದ್ದುದು ‘ಎಲ್ಲ ಚೆನ್ನಾಗಿದೆ, ನೀ ಓದ್ಕೋ’ ಎಂದಷ್ಟೇ.

ಶನಿವಾರ ಬಲಿಪಾಡ್ಯಮಿ, ಗೋಪೂಜೆ. ಹಿಂದಿನ ರಾತ್ರಿ ಕೂತು ಅಡಿಕೆ, ಪಚ್ಚೆತೆನೆ, ಚೆಂಡುಹೂವು ಸೇರಿಸಿ ಎರಡು ಸರ ಕಟ್ಟಿದ್ದೆ. ಒಂದು ಗಂಗೆಗೆ, ಒಂದು ಬೆಳ್ಳಿಗೆ. ಅಮ್ಮ ನೋಡುತ್ತಿದ್ದಳು, ಏನೂ ಹೇಳಲಿಲ್ಲ. ಬೆಳಿಗ್ಗೆ ಒಂದು ಸರ ಹಿಡಿದುಕೊಂಡು ಮೇಲಿನ ಕೇರಿಯ ದೊಡ್ಡಮ್ಮನ ಮನೆಗೆ ಹೋದೆ. ಅವರ ಕೊಟ್ಟಿಗೆಯಲ್ಲಿ ದನಗಳ ಮೈಗೆ ಜೇಡಿ, ಕೆಮ್ಮಣ್ಣಿನಲ್ಲಿ ಸಿದ್ದೆ ಅದ್ದಿ ಚಿತ್ತಾರ ಒತ್ತುತ್ತಿದ್ದರು. ‘ಬೆಳ್ಳಿ ಎಲ್ಲಿ ದೊಡ್ಡಮ್ಮ?’ ಎಂದೆ. ಅವಳು ನನ್ನ ಮುಖ ನೋಡಿದಳು. ‘ಬೆಳ್ಳಿನ? ಅದನ್ನ ಆಗಸ್ಟಲ್ಲೇ ಮಾರಿದ್ರಲೆ. ನಿಂಗೆ ಹೇಳ್ಲಿಲ್ವಾ?’

ಆಗಸ್ಟ್‌ನಲ್ಲಿ ನಾನು ಪಿಜಿಯ ಮೂರು ತಿಂಗಳ ಬಾಕಿ ಮತ್ತು ಹೊಸ ಕೋಚಿಂಗ್ ಬ್ಯಾಚಿನ ಫೀಸು ಎಂದು ಅಪ್ಪನಿಂದ ಒಟ್ಟಿಗೆ ಹಣ ತರಿಸಿಕೊಂಡಿದ್ದೆ. ಆ ಬ್ಯಾಚಿಗೆ ಒಂದು ತಿಂಗಳು ಹೋಗಿ ಬಿಟ್ಟಿದ್ದೆ. ಅದನ್ನು ನಾನೂ ಮನೆಗೆ ಹೇಳಿರಲಿಲ್ಲ.

ಸರ ಹಿಡಿದುಕೊಂಡೇ ವಾಪಸ್ ಬಂದೆ. ಅಪ್ಪ ಗಂಗೆಯ ಕೋಡಿಗೆ ಬಣ್ಣ ಹಚ್ಚುತ್ತಿದ್ದವನು ನನ್ನ ಕೈ ನೋಡಿ ಕುಂಚ ಕೆಳಗಿಟ್ಟ. ಅಮ್ಮ, ‘ಹುಲ್ಲು ಕೊಯ್ದು ಎರಡನ್ನೂ ನೋಡ್ಕಳಕ್ಕೆ ನನ್ ಕೈಲಿ ಆಗ್ತಿರ್ಲಿಲ್ಲ’ ಎಂದಳು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಅವಳ ಮಂಡಿನೋವು ನನಗೆ ಗೊತ್ತಿದ್ದದ್ದೇ. ನಾನು ಅಲ್ಲೇ ಅತ್ತೆ. ಅಜ್ಜಿ ಕೋಲೂರಿಕೊಂಡು ಬಂದು ನನ್ನ ಕೈಯಿಂದ ಸರ ತೆಗೆದುಕೊಂಡು, ಬೆಳ್ಳಿ ಕಟ್ಟುತ್ತಿದ್ದ ಖಾಲಿ ಗೂಟಕ್ಕೆ ಹಾಕಿದಳು. ‘ಎಲ್ಲಿದ್ರೂ ಚೆನ್ನಾಗಿರ್ಲಿ. ಅಳದು ಸಾಕು, ಪೂಜೆಗೆ ಹೊತ್ತಾತು’ ಎಂದಳು.

ಆ ದಿನ ರಾತ್ರಿ ಹತ್ತರ ಮೇಲೆ ಅಂಟಿಗೆ ಪಂಟಿಗೆಯವರು ಬಂದರು. ಮಲೆನಾಡಿನವರಿಗೆ ಇದು ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ದೀಪಾವಳಿಯ ರಾತ್ರಿಗಳಲ್ಲಿ ಊರಿನ ಗಂಡಸರ ತಂಡ ದೇವರ ಮುಂದೆ ಹಚ್ಚಿದ ದೀಪವೊಂದನ್ನು ಹಿಡಿದು, ಹಾಡುತ್ತಾ ಮನೆಮನೆಗೆ ಬರುತ್ತದೆ. ಕಂಬಳಿ ಹೊದ್ದು, ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ನಡೆದು ಬರುವಾಗ ದೂರದಿಂದ ಮೊದಲು ಹಾಡು ಕೇಳುತ್ತದೆ, ಆಮೇಲೆ ಬೆಳಕು ಕಾಣುತ್ತದೆ. ಆ ದೀಪ ಆರಬಾರದು. ಪ್ರತಿ ಮನೆಯವರೂ ಅದಕ್ಕೆ ಎಣ್ಣೆ ಎರೆಯುತ್ತಾರೆ, ಅದರಿಂದ ತಮ್ಮ ಮನೆಯ ದೀಪ ಹಚ್ಚಿಕೊಳ್ಳುತ್ತಾರೆ. ಬಂದವರಿಗೆ ಅಕ್ಕಿ, ಹೋಳಿಗೆ, ಕಾಣಿಕೆ ಕೊಟ್ಟು ಕಳಿಸುತ್ತಾರೆ.

ನಮ್ಮ ಮನೆಯಲ್ಲಿ ಎಣ್ಣೆ ಎರೆಯುವುದು ಅಜ್ಜಿ. ಆ ರಾತ್ರಿ ಅವಳು ಎಣ್ಣೆಯ ಗಿಂಡಿಯನ್ನು ನನ್ನ ಕೈಗೆ ಕೊಟ್ಟಳು. ದೀಪ ಹಿಡಿದಿದ್ದವನು ನನ್ನ ಜೊತೆ ಪ್ರೈಮರಿ ಶಾಲೆಯಲ್ಲಿ ಓದಿದವನು. ‘ಅಂಗಳದ ಗಾಳಿಗೆ ಇನ್ನೇನು ಹೋಯ್ತು ಅಂದ್ಕಂಡಿದ್ದೆ, ಮೇಲಿನ ಮನೆಯವ್ರು ಹಾಕಿದ ಎಣ್ಣೆ ಇಲ್ಲೀವರೆಗೆ ಬಂತು’ ಎಂದು ನಕ್ಕ. ನಾನು ಎಣ್ಣೆ ಎರೆದೆ. ಬತ್ತಿ ಚಟಪಟ ಎಂದು ನೆಟ್ಟಗಾಯಿತು.

ಮಲಗಿದ ಮೇಲೂ ಅವನ ಮಾತು ಹೋಗಲಿಲ್ಲ. ಆ ದೀಪಕ್ಕೆ ಎಣ್ಣೆ ಎಷ್ಟಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಅದಕ್ಕೇ ಕಡಿಮೆಯಾದಾಗ ಹಾಕುತ್ತಾರೆ. ನನ್ನಲ್ಲಿ ಎಷ್ಟು ಉಳಿದಿದೆ ಎಂದು ನಾನು ಯಾರಿಗೂ ತೋರಿಸಿರಲಿಲ್ಲ. ಅಪ್ಪನೂ ನನಗೆ ತೋರಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ತೋಟಕ್ಕೆ ಹೋದೆ. ಒಂದು ಎಕರೆಯ ತೋಟ. ಕೆಳಗಿನ ಸಾಲಿನ ಮರಗಳ ಸೋಗೆ ಕಂದಾಗಿ ಜೋತುಬಿದ್ದಿತ್ತು. ನಾನೇ ಮೊದಲು ಮಾತಾಡಿದೆ. ಕೋಚಿಂಗ್ ಬಿಟ್ಟಿದ್ದು, ಹಿಂದಿನ ಪರೀಕ್ಷೆಯಲ್ಲಿ ‘ಸ್ವಲ್ಪದರಲ್ಲಿ ತಪ್ಪಿತು’ ಎಂದಿದ್ದು ಸುಳ್ಳು, ಕಟ್‌ಆಫ್‌ನಿಂದ ಬಹಳ ದೂರ ಇದ್ದೆ ಎನ್ನುವುದು, ಕಳೆದ ದೀಪಾವಳಿಗೆ ಯಾಕೆ ಬರಲಿಲ್ಲ ಎನ್ನುವುದು, ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅಪ್ಪ ಒಂದು ಗೋಟಡಿಕೆ ಹೆಕ್ಕಿ ಕೈಯಲ್ಲಿ ತಿರುಗಿಸುತ್ತಾ ಹೇಳಿದ, ‘ಇನ್ನೆಷ್ಟು ದಿನ ಅಂತ ಹೇಳು, ಅಷ್ಟು ದಿನಕ್ಕೆ ನಾ ಹೆಂಗಾರೂ ಹೊಂದಿಸ್ತೆ. ಎಷ್ಟು ದಿನ ಅಂತ ಗೊತ್ತಿಲ್ದೆ ಹೊಂದ್ಸದು ಕಷ್ಟ ಪುಟ್ಟಿ.’

ಆ ತೋಟದಲ್ಲಿ ನಾವಿಬ್ಬರೂ ಮೂರು ಮಾತಿಗೆ ಒಪ್ಪಿದೆವು. ಪೂರ್ತಿ ಸಮಯದ ಓದು ಮುಂದಿನ ದೀಪಾವಳಿವರೆಗೆ ಮಾತ್ರ. ಜನವರಿಯಿಂದ ಅರ್ಧ ದಿನದ ಯಾವುದಾದರೂ ಕೆಲಸ ಹಿಡಿದು ಪಿಜಿಯ ಖರ್ಚು ನಾನೇ ನೋಡಿಕೊಳ್ಳುವುದು. ಫಲಿತಾಂಶ ಬಂದ ದಿನವೇ, ಏನೇ ಆಗಿರಲಿ, ಮನೆಗೆ ಹೇಳುವುದು. ಮೂರನೆಯದಕ್ಕೆ ನಾನೊಂದು ಸೇರಿಸಿದೆ. ಮನೆಯಲ್ಲಿ ಏನು ಮಾರಿದರೂ, ಏನು ಕೆಟ್ಟರೂ ನನಗೆ ಹೇಳಬೇಕು. ಅಪ್ಪ ‘ಆತು’ ಎಂದ.

ಈಗ ಮತ್ತೊಂದು ದೀಪಾವಳಿ ಬಂದಿದೆ. ಕಥೆಯ ಕೊನೆಯಲ್ಲಿ ನನಗೆ ಸರ್ಕಾರಿ ಕೆಲಸ ಸಿಕ್ಕಿತು ಎಂದು ಬರೆಯಬಹುದಿತ್ತು, ಆದರೆ ಸಿಗಲಿಲ್ಲ. ಎರಡೂ ಪರೀಕ್ಷೆಯಲ್ಲಿ ನನ್ನ ಹೆಸರು ಬರಲಿಲ್ಲ, ಎರಡನ್ನೂ ಅದೇ ದಿನ ಮನೆಗೆ ಹೇಳಿದೆ. ಮೊದಲ ಸಲ ಗಂಟಲು ಕಟ್ಟಿತ್ತು, ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ. ಜನವರಿಯಲ್ಲಿ ಮಕ್ಕಳಿಗೆ ಸಂಜೆ ಟ್ಯೂಷನ್ ಹೇಳಲು ಶುರುಮಾಡಿದವಳು ಈಗ ಒಂದು ಸಣ್ಣ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಐದರಿಂದ ಎಂಟರವರೆಗೆ ಓದು ಮುಂದುವರಿದಿದೆ. ಕೆಲಸ ಕಳೆದುಕೊಂಡಿದ್ದ ಗೆಳತಿ ಆ ಭಾನುವಾರವೇ ಮನೆಯಲ್ಲಿ ಬಾಯಿ ಬಿಟ್ಟಳು. ಹೊಸ ಕೆಲಸ ಹುಡುಕಲು ಅವಳಿಗೆ ಐದು ತಿಂಗಳು ಬೇಕಾಯಿತು, ಆದರೆ ಬಾಗಿಲು ಹಾಕಿಕೊಂಡು ನಾಟಕ ಆಡಬೇಕಾಗಲಿಲ್ಲ. ಸೇತುವೆ ಮುಗಿದಿದೆ, ಚಿಕ್ಕಮ್ಮ ಈ ಸಲ ಲಾಂಚಿಗೆ ಕಾಯದೆ ಬರುತ್ತಾಳೆ.

ಹಿರಿಯರಿಗೆ ನನ್ನದೊಂದು ಮನವಿ. ನಮ್ಮ ಬಗ್ಗೆ ಕೇಳಲೇಬೇಡಿ ಎಂದು ಹೇಳುವುದಿಲ್ಲ. ಏನೂ ಕೇಳದಿದ್ದರೆ ಅದೂ ನೋಯಿಸುತ್ತದೆ. ಆದರೆ ಪಂಕ್ತಿಯಲ್ಲಿ ಕೂರಿಸಿ, ನಿಮ್ಮ ಮಗನ ಪಕ್ಕದಲ್ಲಿ ನಿಲ್ಲಿಸಿ ಕೇಳಬೇಡಿ. ಪಾತ್ರೆ ತೊಳೆಯುವಾಗ, ತೋಟದಲ್ಲಿ ನಡೆಯುವಾಗ, ‘ಎಂತಾದ್ರೂ ಬೇಕಾ?’ ಎಂದು ಕೇಳಿ. ಉತ್ತರ ಹೇಳುವ ಧೈರ್ಯ ನಮಗೆ ಆಗ ಬರುತ್ತದೆ.

ನನ್ನ ಹಾಗೆ ಓದುತ್ತಿರುವವರಿಗೆ, ಕೆಲಸ ಹುಡುಕುತ್ತಿರುವವರಿಗೆ ಹೇಳುವುದು ಇಷ್ಟೇ. ಈ ಹಬ್ಬಕ್ಕೆ ಊರಿಗೆ ಹೋಗಿ. ಪಿಜಿಯಲ್ಲಿ ಉಳಿದ ಆ ಮೂರು ದಿನ ನೀವು ಓದುವುದಿಲ್ಲ, ನಾನು ಓದಲಿಲ್ಲ. ಹೋಗುವಾಗ ಸ್ವೀಟ್ ಬಾಕ್ಸ್ ತರದಿದ್ದರೂ ಪರವಾಗಿಲ್ಲ, ನಿಜವಾದ ಲೆಕ್ಕ ತೆಗೆದುಕೊಂಡು ಹೋಗಿ. ಎಷ್ಟು ಪ್ರಯತ್ನ ಆಯಿತು, ಎಷ್ಟು ಹಣ ಖರ್ಚಾಯಿತು, ಇನ್ನೆಷ್ಟು ದಿನ ಬೇಕು ಎಂಬುದನ್ನು ಮನೆಯವರ ಮುಂದೆ ಇಡಿ. ಅವರ ಲೆಕ್ಕವನ್ನೂ ಕೇಳಿ. ಕೊಟ್ಟಿಗೆಗೆ ಹೋಗಿ ನೋಡಿ, ತೋಟಕ್ಕೆ ಹೋಗಿ ನೋಡಿ. ನಾವು ‘ಚೆನ್ನಾಗಿದೀನಿ’ ಎಂದು ಸುಳ್ಳು ಹೇಳುವಾಗ ಆ ಕಡೆಯಿಂದಲೂ ಅದೇ ಸುಳ್ಳು ಬರುತ್ತಿರಬಹುದು.

ನಾನು ಬಸ್ಸಿನ ಟಿಕೆಟ್ ಈ ಸಲ ಒಂದು ತಿಂಗಳ ಮೊದಲೇ ಮಾಡಿಸಿದ್ದೇನೆ, ನನ್ನದೇ ದುಡ್ಡಿನಲ್ಲಿ. ಗಂಗೆಗೆ ಸರ ಕಟ್ಟಬೇಕು. ಅಜ್ಜಿ ಫೋನಿನಲ್ಲಿ ಹೇಳಿದ್ದಾಳೆ, ‘ಎಣ್ಣೆ ಎರೆಯಕ್ಕೆ ನೀನೇ ಬರಕ್ಕು, ನಂಗೆ ಕೈ ನಡುಗ್ತು.’